ನೋಡಿ ಬಿಡುವುದು, ನೋಡಿ ಇಟ್ಟುಕೊಳ್ಳುವುದು

ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಡೆದ ಒಂದು ಸಣ್ಣ ಮಾತುಕತೆ ಬಹಳ ದಿನದಿಂದ ತಲೆ ಕೊರೆಯುತ್ತಿದೆ. ಹೊಸದಾಗಿ ಬಂದ ಸೆಕ್ಯುರಿಟಿ ಸೂಪರ್‌ವೈಸರ್ ಮನೆಗೆಲಸಕ್ಕೆ ಬರುವವರೆಲ್ಲರ ಹತ್ತಿರ ಆಧಾರ್ ಜೆರಾಕ್ಸ್ ಮತ್ತು ಪಾಸ್‌ಪೋರ್ಟ್ ಸೈಜ್ ಫೋಟೋ ಕೇಳುತ್ತಿದ್ದರು. ಪೊಲೀಸ್ ವೆರಿಫಿಕೇಷನ್‌ಗೆ ಅಂತ. ಜೊತೆಗೆ ಗೇಟಿನ ಆ್ಯಪ್‌ಗೂ ಮುಖದ ಫೋಟೋ ತೆಗೆಸಿಕೊಳ್ಳಬೇಕಿತ್ತು. ನಮ್ಮ ಮನೆಗೆ ಬರುವ ಅಕ್ಕ ಸಾಲಿನಲ್ಲಿ ನಿಂತಿದ್ದರು. ಅವರ ಸರದಿ ಬಂತು. ಜೆರಾಕ್ಸ್ ಇನ್ನೂ ಕೈಯಲ್ಲೇ ಇತ್ತು. "ಅಣ್ಣಾ, ಇದನ್ನ ಎಲ್ಲಿ ಇಡ್ತೀರಾ? ನಾನು ಕೆಲಸ ಬಿಟ್ರೆ ವಾಪಸ್ ಕೊಡ್ತೀರಾ?" ಅಂತ ಕೇಳಿದರು. ಸೂಪರ್‌ವೈಸರ್ ಸಿಟ್ಟಾಗಲಿಲ್ಲ. ಅವರಿಗೆ ನಿಜವಾಗಿಯೂ ಉತ್ತರ ಗೊತ್ತಿರಲಿಲ್ಲ. "ಫೈಲಲ್ಲಿ ಇರುತ್ತಮ್ಮ" ಅಂದರು. ಯಾವ ಫೈಲು, ಯಾರು ನೋಡುತ್ತಾರೆ, ಏಜೆನ್ಸಿ ಬದಲಾದರೆ ಆ ಫೈಲು ಯಾರಿಗೆ ಹೋಗುತ್ತದೆ ಅಂತ ಅಲ್ಲಿ ನಿಂತಿದ್ದ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅಕ್ಕನಿಗೆ ಆ ಪ್ರಶ್ನೆ ಸುಮ್ಸುಮ್ನೆ ಬಂದಿದ್ದಲ್ಲ. ಹಿಂದೆ ಅವರ ತಂಗಿ ಎಲ್ಲೋ ಕೆಲಸಕ್ಕೆ ಸೇರುವಾಗ ಹೀಗೇ ಜೆರಾಕ್ಸ್ ಕೊಟ್ಟಿದ್ದರು. ಅದು ಯಾರ ಕೈ ಸೇರಿತೋ ಏನೋ, ಅವರ ಹೆಸರಿನಲ್ಲಿ ಯಾರೋ ಸಿಮ್ ತೆಗೆದುಕೊಂಡರು. ಆ ನಂಬರಿನಿಂದ ಇನ್ಯಾರಿಗೋ ಮೋಸ ಆಯಿತು. ಪೊಲೀಸರು ಹುಡುಕಿಕೊಂಡು ಬಂದಿದ್ದು ತಂಗಿಯ ಮನೆಗೆ. ಆ ನಂಬರು ನನ್ನದಲ್ಲ ಅಂತ ಒಪ್ಪಿಸುವುದರಲ್ಲಿ ಆ ಹೆಣ್ಣುಮಗಳು ಎಷ್ಟೋ ದಿನದ ಸಂಬಳ ಕಳೆದುಕೊಂಡರು. (ಈಗ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಬಹುದು. ನಿಮ್ಮದನ್ನೂ ಒಮ್ಮೆ ನೋಡಿ. ಮನೆಗೆಲಸಕ್ಕೆ ಬರುವವರಿದ್ದರೆ ಅವರದನ್ನೂ ಕೂತು ನೋಡಿಕೊಡಿ.)

2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರ್ ಜೆರಾಕ್ಸನ್ನು ಕೇಳಿದವರಿಗೆಲ್ಲ ಕೊಡಬೇಡಿ, ದುರ್ಬಳಕೆ ಆಗಬಹುದು, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಅಂತ ಅದರಲ್ಲಿತ್ತು. ಲೈಸೆನ್ಸ್ ಇಲ್ಲದ ಹೋಟೆಲ್, ಥಿಯೇಟರಿನವರು ಪ್ರತಿ ಇಟ್ಟುಕೊಳ್ಳುವ ಹಾಗಿಲ್ಲ ಅಂತಲೂ ಇತ್ತು. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ಜನ ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದು, ಎಂದಿನ ಎಚ್ಚರಿಕೆ ಸಾಕು ಅಂದಿತು. ಆ ಎರಡು ದಿನದ ಪ್ರಕಟಣೆಯೇ ಸರಿಯಾಗಿತ್ತು ಅಂತ ನಾನು ಈಗಲೂ ನಂಬುತ್ತೇನೆ. ಅದು ಉಳಿದಿದ್ದರೆ, ಗೇಟಿನಲ್ಲಿ ಅಕ್ಕನ ಕೈಯಲ್ಲಿ ಜೆರಾಕ್ಸಿನ ಜೊತೆ ಒಂದು ಸರ್ಕಾರಿ ಕಾಗದವೂ ಇರುತ್ತಿತ್ತು.

ನೀವು ಯಾರು ಅಂತ ಗೇಟಿನಲ್ಲಿ ಕೇಳುವುದರಲ್ಲಿ ತಪ್ಪಿಲ್ಲ. ಕಾರ್ಡ್ ನೋಡಲಿ, ಮುಖ ನೋಡಲಿ, ಒಳಗೆ ಬಿಡಲಿ. ಅಲ್ಲಿಗೆ ಕೆಲಸ ಮುಗಿಯಬೇಕು. ನಮ್ಮ ಊರಿನಲ್ಲಿ ಈಗ ನೋಡಿದ್ದು ಯಾವುದೂ ಅಲ್ಲಿಗೆ ಮುಗಿಯುತ್ತಿಲ್ಲ. ಎಲ್ಲವೂ ಎಲ್ಲೋ ಹೋಗಿ ಸೇರುತ್ತಿದೆ. ಎಷ್ಟು ದಿನ, ಯಾರ ಹತ್ತಿರ ಅಂತ ಕೇಳಿದರೆ ಹೇಳುವವರಿಲ್ಲ. ಸರ್ಕಾರ ನಮ್ಮನ್ನು ಎಷ್ಟು ನೋಡಬೇಕು ಎಂಬ ಚರ್ಚೆ ಬಂದಾಗಲೆಲ್ಲ ನಾನು ಅಕ್ಕನ ಈ ಪ್ರಶ್ನೆಯನ್ನೇ ಹಿಡಿದುಕೊಂಡು ಯೋಚಿಸುತ್ತೇನೆ.

ಈ ಊರಿನ ಹಿರಿಯರೊಬ್ಬರು

ಇಂಥದ್ದೇ ಪ್ರಶ್ನೆಯನ್ನು ದೆಹಲಿಯವರೆಗೆ ಒಯ್ದವರು ಬೆಂಗಳೂರಿನಲ್ಲೇ ಇದ್ದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹುಟ್ಟಿದ್ದು 1926ರಲ್ಲಿ. 2012ರಲ್ಲಿ ಅವರು ಆಧಾರ್ ಯೋಜನೆ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಅವರ ಆಕ್ಷೇಪ ಯಾರಿಗಾದರೂ ಅರ್ಥವಾಗುವಂಥದ್ದು. ಸಂಸತ್ತಿನಲ್ಲಿ ಒಂದು ಕಾನೂನನ್ನೂ ಮಾಡದೆ, ಬರೀ ಸರ್ಕಾರಿ ಆದೇಶದ ಮೇಲೆ ಇಷ್ಟು ಜನರ ಬೆರಳಚ್ಚು, ಕಣ್ಣಿನ ಗುರುತು ತೆಗೆದುಕೊಳ್ಳುವುದು ಹೇಗೆ ಸರಿ? ಆಧಾರ್ ಕಾಯ್ದೆ ಬಂದಿದ್ದು 2016ರಲ್ಲಿ. ಅಷ್ಟರಲ್ಲಿ ದೇಶದ ಬಹುಪಾಲು ಜನ ಹೆಬ್ಬೆಟ್ಟು ಕೊಟ್ಟಾಗಿತ್ತು.

ವಿಚಾರಣೆ ನಡೆಯುವಾಗ, 2015ರಲ್ಲಿ, ಕೇಂದ್ರ ಸರ್ಕಾರದ ವಕೀಲರು ಖಾಸಗಿತನ ಅನ್ನುವುದು ಮೂಲಭೂತ ಹಕ್ಕೇ ಅಲ್ಲ ಅಂತ ವಾದಿಸಿದರು. ಅದಕ್ಕೆ ಆಧಾರವಾಗಿ ಎರಡು ಹಳೆಯ ತೀರ್ಪು ಮುಂದಿಟ್ಟರು. ಅದರಲ್ಲಿ ಒಂದು ಖರಕ್ ಸಿಂಗ್ ಅವರ ಪ್ರಕರಣ. ಅದನ್ನು ಓದಿದರೆ ಬೆಂಗಳೂರಿನವರಿಗೆ ರೌಡಿ ಶೀಟ್ ನೆನಪಾಗದೆ ಇರುವುದಿಲ್ಲ. ಉತ್ತರ ಪ್ರದೇಶದ ಈ ಮನುಷ್ಯನ ಮೇಲೆ ದರೋಡೆ ಆರೋಪ ಬಂದಿತ್ತು. ಸಾಕ್ಷಿ ಇಲ್ಲ ಅಂತ ಬಿಟ್ಟರು. ಆದರೆ ಪೊಲೀಸರು ಅವರ ಹೆಸರಲ್ಲಿ ಹಾಳೆ ತೆರೆದು ಇಟ್ಟುಕೊಂಡರು. ರಾತ್ರಿ ಹೊತ್ತು ಬಂದು ಬಾಗಿಲು ಬಡಿದು ಎಬ್ಬಿಸುತ್ತಿದ್ದರು. ಎಲ್ಲಿಗೆ ಹೋಗುತ್ತಾರೆ, ಯಾರು ಬರುತ್ತಾರೆ ಅಂತ ಕಣ್ಣಿಡುತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟ್ ರಾತ್ರಿ ಮನೆಗೆ ಬರುವುದನ್ನು ಮಾತ್ರ ತಪ್ಪು ಅಂದಿತು. ಉಳಿದ ಕಣ್ಗಾವಲನ್ನು ಬಿಟ್ಟುಬಿಟ್ಟಿತು. ನಮ್ಮ ಸಂವಿಧಾನದಲ್ಲಿ ಖಾಸಗಿತನದ ಹಕ್ಕು ಅಂತ ಇಲ್ಲ ಅಂದಿತು. ಆಗಲೇ ನ್ಯಾಯಮೂರ್ತಿ ಸುಬ್ಬರಾವ್ ಅವರು ಇದನ್ನು ಒಪ್ಪದೆ ಬೇರೆ ತೀರ್ಪು ಬರೆದಿದ್ದರು. ಹಿಂದೆಯೇ ಯಾರೋ ನೋಡುತ್ತಿದ್ದರೆ ಮನುಷ್ಯ ಸ್ವತಂತ್ರವಾಗಿ ಓಡಾಡಿದ ಹಾಗಾಗುವುದಿಲ್ಲ ಎಂಬುದು ಅವರ ನಿಲುವು.

ಆ ಭಿನ್ನಮತ ಗೆಲ್ಲಲು ಅರ್ಧ ಶತಮಾನಕ್ಕೂ ಜಾಸ್ತಿ ಹಿಡಿಯಿತು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂತ ಸಾರಿತು. ಹಕ್ಕನ್ನು ಸರ್ಕಾರ ಮಿತಿಗೊಳಿಸಲೇಬಾರದು ಅಂತ ಕೋರ್ಟ್ ಹೇಳಲಿಲ್ಲ. ಮಿತಿಗೊಳಿಸುವುದಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಕಾರಣ ಇರಬೇಕು, ಆ ಕಾರಣಕ್ಕೆ ಎಷ್ಟು ಬೇಕೋ ಅಷ್ಟನ್ನೇ ಮಾಡಬೇಕು ಅಂದಿತು. ಮುಂದಿನ ವರ್ಷ ಆಧಾರ್ ಕಾಯ್ದೆಯನ್ನು 4-1 ಬಹುಮತದಲ್ಲಿ ಎತ್ತಿಹಿಡಿಯಿತು. ಆದರೆ ಖಾಸಗಿ ಕಂಪನಿಗಳು ಆಧಾರ್ ಕೇಳಲು ದಾರಿ ಮಾಡಿದ್ದ ಭಾಗವನ್ನು ಕಿತ್ತುಹಾಕಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. 98 ವರ್ಷ ಬದುಕಿದ್ದ ಅವರ ಹೆಸರನ್ನು ಇವತ್ತು ದೇಶದ ಪ್ರತಿ ಕಾನೂನು ವಿದ್ಯಾರ್ಥಿಯೂ ಓದುತ್ತಾನೆ. ಬೆಂಗಳೂರಿನಲ್ಲಿ ಒಂದು ರಸ್ತೆಗೋ ಸರ್ಕಲ್‌ಗೋ ಆ ಹೆಸರಿಟ್ಟರೆ ನನಗೆ ಬಹಳ ಸಂತೋಷವಾಗುತ್ತದೆ.

ಬಾಗಿಲಿಗೆ ಅಂಟಿಸಿದ ನೋಟಿಸ್

ತೀರ್ಪು ಬಂದು ಮೂರು ವರ್ಷವೂ ಆಗಿರಲಿಲ್ಲ, ಕೊರೊನಾ ಬಂತು. ಆಗ ನಾವು ಬನಶಂಕರಿ ಕಡೆ ಬಾಡಿಗೆ ಮನೆಯಲ್ಲಿದ್ದೆವು. ಎದುರು ಮನೆಯ ಹುಡುಗ ವಿದೇಶದಿಂದ ಬಂದಿಳಿದ. ಕೈ ಮೇಲೆ ಅಳಿಸದ ಶಾಯಿಯ ಮುದ್ರೆ ಇತ್ತು. ಮನೆಯಲ್ಲಿ ಅಮ್ಮ ಮತ್ತು ಅವನು ಇಬ್ಬರೇ. ಎರಡು ದಿನಕ್ಕೆ ಬಾಗಿಲಿಗೆ ಕ್ವಾರಂಟೈನ್ ನೋಟಿಸ್ ಬಿತ್ತು. ಅಲ್ಲಿಯವರೆಗೆ ಎಲ್ಲರಿಗೂ ಇದು ಬೇಕಾದದ್ದೇ ಅನಿಸಿತ್ತು. ನನಗೂ ಹಾಗೇ ಅನಿಸಿತ್ತು. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದರು, ಭಯ ನಿಜವಾಗಿಯೂ ಇತ್ತು.

ಆಮೇಲೆ ಪಟ್ಟಿ ಹೊರಬಂತು. ಹೋಮ್ ಕ್ವಾರಂಟೈನ್‌ನಲ್ಲಿರುವವರ ವಿಳಾಸಗಳನ್ನು ಜಿಲ್ಲಾವಾರು ಸರ್ಕಾರವೇ ಪ್ರಕಟಿಸಿತು. ಬೆಂಗಳೂರಿನದು ಉದ್ದದ ಪಿಡಿಎಫ್. ಅದು ನಮ್ಮ ರಸ್ತೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಬರಲು ಒಂದು ಸಂಜೆ ಸಾಕಾಯಿತು. ಯಾರೋ ಎದುರು ಮನೆಯ ಸಾಲಿಗೆ ಹಳದಿ ಬಣ್ಣ ಬಳಿದು ಮತ್ತೆ ಹಾಕಿದರು. ಮರುದಿನದಿಂದ ಹಾಲಿನವರು ಆ ಗೇಟಿಗೆ ಪ್ಯಾಕೆಟ್ ಹಾಕುವುದನ್ನು ನಿಲ್ಲಿಸಿದರು. ರಸ್ತೆಯ ಮೂಲೆಯಲ್ಲಿ ಇಟ್ಟು ಫೋನ್ ಮಾಡುತ್ತಿದ್ದರು. ತರಕಾರಿ ಗಾಡಿ ಆ ಮನೆ ಮುಂದೆ ನಿಲ್ಲುತ್ತಿರಲಿಲ್ಲ. ಮಾಲೀಕರು ಫೋನ್ ಮಾಡಿ, ಇದೆಲ್ಲ ಮುಗಿದ ಮೇಲೆ ಬೇರೆ ಮನೆ ನೋಡಿಕೊಳ್ಳಿ ಅಂದರಂತೆ. ಪಟ್ಟಿ ಇರಬೇಕಾದದ್ದು ಆರೋಗ್ಯ ಇಲಾಖೆಯವರ ಕೈಯಲ್ಲಿ. ಆದರೆ ಅದು ಇಡೀ ರಸ್ತೆಯ ಕೈಯಲ್ಲಿತ್ತು.

ಮಾರ್ಚ್ ಕೊನೆಯಲ್ಲಿ ಸೆಲ್ಫಿ ಆದೇಶ ಬಂತು. ಕ್ವಾರಂಟೈನ್‌ನಲ್ಲಿರುವವರು ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಮ್ಮೆ ಸರ್ಕಾರದ ಆ್ಯಪ್‌ಗೆ ಸೆಲ್ಫಿ ಕಳಿಸಬೇಕು. ಫೋಟೋ ಜೊತೆ ಎಲ್ಲಿದ್ದೀರಿ ಎಂಬುದೂ ಹೋಗುತ್ತದೆ. ಕಳಿಸದಿದ್ದರೆ ಸರ್ಕಾರಿ ಕ್ವಾರಂಟೈನ್‌ಗೆ ಒಯ್ಯುತ್ತಾರೆ. ಅವನು ಬಾಲ್ಕನಿಗೆ ಬಂದು ಫೋನ್ ಎತ್ತಿ ಹಿಡಿದು ನಿಲ್ಲುವುದು ನಮ್ಮ ಕಿಟಕಿಯಿಂದ ಕಾಣುತ್ತಿತ್ತು. ನೆಟ್‌ವರ್ಕ್ ಸಿಗುತ್ತಿದ್ದದ್ದು ಅಲ್ಲೇ. ಮಧ್ಯಾಹ್ನದ ಬಿಸಿಲಲ್ಲೂ ಬರುತ್ತಿದ್ದ. ಊಟದ ಮಧ್ಯೆ ಎದ್ದು ಬರುತ್ತಿದ್ದ. ಒಂದು ಸಲ ಸ್ನಾನಕ್ಕೆ ಹೋದಾಗ ಸಮಯ ಮೀರಿತು ಅಂತ ಅವನ ಅಮ್ಮ ಗಾಬರಿಯಾಗಿ ಬಾತ್‌ರೂಮ್ ಬಾಗಿಲು ಬಡಿದದ್ದು ನಮಗೆ ಕೇಳಿಸಿತು. ರೋಗ ಬಂದೀತು ಎಂಬುದಕ್ಕಿಂತ ಜಾಸ್ತಿ, ಆ್ಯಪ್ ತಪ್ಪಿಹೋದೀತು ಎಂಬ ಭಯದಲ್ಲೇ ಆ ಮನೆ ದಿನ ಕಳೆಯಿತು.

ಅವನಿಗೆ ರೋಗ ಬರಲಿಲ್ಲ. ಕ್ವಾರಂಟೈನ್ ಮುಗಿಯಿತು, ನೋಟಿಸ್ ಮಳೆಗೆ ನೆನೆದು ಹರಿಯಿತು. ಪಿಡಿಎಫ್ ಮಾತ್ರ ಉಳಿಯಿತು. ಮುಂದೆ ಅವರು ಅದೇ ಬಡಾವಣೆಯಲ್ಲಿ ಮನೆ ಹುಡುಕುವಾಗ ಒಬ್ಬ ಮಾಲೀಕರು ಫೋನ್ ತೆಗೆದು ಅದನ್ನೇ ತೋರಿಸಿದರಂತೆ. ಆ ಅಮ್ಮ ನನಗೆ ಹೇಳಿದ ಮಾತು ಮರೆತಿಲ್ಲ. "ಕಾಯಿಲೆ ಬರ್ಲೇ ಇಲ್ಲ ಕಣಮ್ಮ. ಆದ್ರೆ ನಮ್ಮನೆ ನಂಬರ್ ಮಾತ್ರ ಅವರ ಫೋನಿಂದ ಹೋಗ್ಲಿಲ್ಲ."

ಅದೇ ವರ್ಷ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ವಿಪತ್ತು ನಿರ್ವಹಣಾ ಕಾಯ್ದೆಯಡಿ ಅಧಿಕಾರಿಯ ಆದೇಶ ಇಲ್ಲದೆ ರೋಗಿಗಳ ಮನೆ ಮುಂದೆ ಪೋಸ್ಟರ್ ಅಂಟಿಸುವ ಹಾಗಿಲ್ಲ ಅಂದಿತು. 2021ರ ಜನವರಿಯಲ್ಲಿ ನಮ್ಮ ಹೈಕೋರ್ಟ್ ಆರೋಗ್ಯ ಸೇತು ಬಗ್ಗೆ ಮಧ್ಯಂತರ ಆದೇಶ ಕೊಟ್ಟಿತು. ಆ್ಯಪ್ ಹಾಕಿಕೊಂಡಿಲ್ಲ ಅಂತ ಯಾರಿಗೂ ಸರ್ಕಾರಿ ಸೌಲಭ್ಯ ನಿರಾಕರಿಸಬಾರದು, ಜನರ ಒಪ್ಪಿಗೆ ಇಲ್ಲದೆ ಅವರ ಮಾಹಿತಿ ಬೇರೆಯವರಿಗೆ ಕೊಡಬಾರದು ಅಂತ. ಆ ಅರ್ಜಿ ಹಾಕಿದವರೂ ಬೆಂಗಳೂರಿನವರೇ. ಈ ಎರಡೂ ಆದೇಶಕ್ಕೆ ನಾನು ಕೃತಜ್ಞಳು. ಆದರೆ ಹೊರಗೆ ಹೋದ ಪಟ್ಟಿಯನ್ನು ಯಾವ ಕೋರ್ಟಿಗೂ ವಾಪಸ್ ತರಿಸಲು ಆಗುವುದಿಲ್ಲ. ಅದಕ್ಕೇ ಮಾಹಿತಿ ತೆಗೆದುಕೊಳ್ಳುವ ಮೊದಲೇ ಅಳಿಸುವ ದಿನವನ್ನೂ ಬರೆದಿಡಬೇಕು ಅಂತ ನಾನು ಹಟ ಹಿಡಿಯುವುದು.

ಕಂಬದ ಮೇಲಿನ ಕ್ಯಾಮೆರಾ

ಇನ್ನು ಕ್ಯಾಮೆರಾ ವಿಷಯ. ಇಲ್ಲಿ ನನ್ನ ಮನಸ್ಸು ಎರಡು ಕಡೆ ಎಳೆಯುತ್ತದೆ. ರಾತ್ರಿ ಮೆಟ್ರೋ ಇಳಿದು ಅಂಡರ್‌ಪಾಸ್ ದಾಟುವಾಗ ಅಲ್ಲೊಂದು ಕ್ಯಾಮೆರಾ ಇದೆ ಅಂದರೆ ಧೈರ್ಯ ಬರುತ್ತದೆ. ಇದನ್ನು ಓದುವ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣುಮಕ್ಕಳ ಸುರಕ್ಷತೆಗೆ ಅಂತ ಕೇಂದ್ರ ಇಟ್ಟ ನಿರ್ಭಯಾ ನಿಧಿಯ ದುಡ್ಡಿನಲ್ಲಿ ಬೆಂಗಳೂರಿನಲ್ಲಿ ಸೇಫ್ ಸಿಟಿ ಯೋಜನೆ ಬಂತು. ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾ ಹಾಕಿದರು. ಎಲ್ಲದರ ದೃಶ್ಯವೂ ಪೊಲೀಸ್ ಕಮಾಂಡ್ ಸೆಂಟರಿಗೆ ಹೋಗುತ್ತದೆ. ಇದಲ್ಲದೆ ಅಂಗಡಿ, ಮಾಲ್, ಆಸ್ಪತ್ರೆಗಳ ಕ್ಯಾಮೆರಾಗಳಿವೆ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆಯ ಪ್ರಕಾರ ಜನ ಸೇರುವ ಜಾಗದವರು ಕ್ಯಾಮೆರಾ ಹಾಕಿಸಿ 30 ದಿನದ ದೃಶ್ಯ ಇಟ್ಟುಕೊಳ್ಳಲೇಬೇಕು.

2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿದಾಗ ಶಂಕಿತ ಬಂದು ಹೋದ ದಾರಿ ಸಿಕ್ಕಿದ್ದು ಹೋಟೆಲಿನ, ರಸ್ತೆಯ, ಬಿಎಂಟಿಸಿ ಬಸ್ಸಿನ ಕ್ಯಾಮೆರಾಗಳಿಂದ. ಏಪ್ರಿಲ್‌ನಲ್ಲಿ ಇಬ್ಬರ ಬಂಧನವೂ ಆಯಿತು. ಕ್ಯಾಮೆರಾ ಬೇಡವೇ ಬೇಡ ಅನ್ನುವವರ ಜೊತೆ ನಾನಿಲ್ಲ. ಅಪರಾಧ ನಡೆದ ಮೇಲೆ, ಒಂದು ಎಫ್‌ಐಆರ್ ಆದ ಮೇಲೆ, ಆ ದಿನದ ದೃಶ್ಯ ತೆಗೆದು ನೋಡುವುದು ತನಿಖೆ. ಆದರೆ ಮುಖ ಗುರುತಿಸುವ ಸಾಫ್ಟ್‌ವೇರ್ ಇಟ್ಟುಕೊಂಡು ರಸ್ತೆಯಲ್ಲಿ ಹೋಗುವ ಪ್ರತಿಯೊಬ್ಬರನ್ನೂ ಪ್ರತಿ ದಿನ ಒಂದು ಪಟ್ಟಿಯ ಜೊತೆ ತಾಳೆ ನೋಡುವುದು ತನಿಖೆ ಅಲ್ಲ. ಆಗ ಹಾಲು ತರಲು ಹೋದವರೂ ಶಂಕಿತರೇ. ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತವರ ಮುಖವೂ ಅದೇ ಯಂತ್ರದ ಒಳಗೆ ಹೋಗಬಹುದು. ಆ ಪಟ್ಟಿಯಲ್ಲಿ ಯಾರಿದ್ದಾರೆ, ಯಾರು ಸೇರಿಸುತ್ತಾರೆ, ತಪ್ಪಾಗಿ ಸೇರಿದರೆ ಹೆಸರು ತೆಗೆಸುವುದು ಹೇಗೆ ಅಂತ ಹೇಳುವ ಕಾನೂನು ನಮ್ಮಲ್ಲಿ ಇಲ್ಲ. ಕೋರ್ಟ್ 2017ರಲ್ಲಿ ಕೇಳಿದ ಮೊದಲನೇ ಷರತ್ತೇ ಕಾನೂನು.

ಅದೇ ಸೇಫ್ ಸಿಟಿ ಯೋಜನೆಯಲ್ಲಿ ಸೇಫ್ಟಿ ಐಲ್ಯಾಂಡ್ ಅಂತ ಇನ್ನೊಂದು ಇದೆ. ರಸ್ತೆ ಬದಿಯ ಬೂತ್. ಅಪಾಯ ಅನಿಸಿದರೆ ಗುಂಡಿ ಒತ್ತಿ ಪೊಲೀಸರ ಜೊತೆ ನೇರ ಮಾತಾಡಬಹುದು. ಇದರ ಬಗ್ಗೆ ಮಾತಾಡುವವರು ಕಡಿಮೆ. ನನಗೆ ಇದು ಕ್ಯಾಮೆರಾಕ್ಕಿಂತ ಇಷ್ಟ. ಇಲ್ಲಿ ಗುಂಡಿ ಒತ್ತುವವಳು ನಾನು. ನನಗೆ ಬೇಕಾದಾಗ ಪೊಲೀಸರು ನನ್ನನ್ನು ನೋಡುತ್ತಾರೆ. ಹೆಣ್ಣುಮಕ್ಕಳ ಹೆಸರಿನಲ್ಲಿ ಬಂದ ದುಡ್ಡಿನಲ್ಲಿ ಇಂಥದ್ದಕ್ಕೆ ಎಷ್ಟು, ನಮ್ಮನ್ನೂ ಸೇರಿಸಿ ಎಲ್ಲರನ್ನೂ ನೋಡುವುದಕ್ಕೆ ಎಷ್ಟು ಅಂತ ಲೆಕ್ಕ ಕೇಳಬೇಕು.

ಫೋನ್ ಕದ್ದಾಲಿಕೆ

ಬೆಂಗಳೂರಿಗೆ ಫೋನ್ ಕದ್ದಾಲಿಕೆ ಹೊಸದಲ್ಲ. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದೇ ಈ ಆರೋಪದ ಮೇಲೆ. ನಮ್ಮ ಮನೆಯಲ್ಲಿ ಅಪ್ಪ ರೇಡಿಯೋ ಮುಂದೆ ಕೂತು ಆ ಸುದ್ದಿ ಕೇಳಿದ್ದನ್ನು ಈಗಲೂ ಹೇಳುತ್ತಾರೆ. 2019ರಲ್ಲಿ ಮತ್ತೆ ಇಲ್ಲೇ ಆರೋಪ ಕೇಳಿಬಂತು, ಸಿಬಿಐಗೂ ಹೋಯಿತು. ಪಕ್ಷ ಯಾವುದಾದರೂ ಇರಲಿ, ಕುರ್ಚಿಯ ಪಕ್ಕದಲ್ಲೇ ಈ ಆಸೆ ಕೂತಿರುತ್ತದೆ.

1996ರಲ್ಲಿ ಸುಪ್ರೀಂ ಕೋರ್ಟ್ ಕದ್ದಾಲಿಕೆಗೆ ನಿಯಮ ಹಾಕಿತು. ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು, ಆದೇಶಕ್ಕೆ ಅವಧಿ ಇರಬೇಕು, ಒಂದು ಸಮಿತಿ ಅದನ್ನು ಪರಿಶೀಲಿಸಬೇಕು. ಟೆಲಿಗ್ರಾಫ್ ಕಾಯ್ದೆ ಹೋಗಿ 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೂ ಚೌಕಟ್ಟು ಹೆಚ್ಚುಕಡಿಮೆ ಅದೇ. ಈಗ ಒಂದು ಸಂಗತಿ ಗಮನಿಸಿ. ಆದೇಶ ಕೊಡುವವರು ಸರ್ಕಾರದ ಕಾರ್ಯದರ್ಶಿ. ಅದು ಸರಿಯೇ ಅಂತ ನೋಡುವ ಸಮಿತಿಯಲ್ಲಿ ಇರುವವರೂ ಸರ್ಕಾರದ ಕಾರ್ಯದರ್ಶಿಗಳೇ. ನ್ಯಾಯಾಧೀಶರು ಒಬ್ಬರೂ ಇಲ್ಲ. ಯಾರ ಫೋನ್ ಕೇಳಿಸಿಕೊಂಡರೋ ಅವರಿಗೆ ಯಾವತ್ತೂ ಹೇಳುವುದಿಲ್ಲ. ಗೊತ್ತೇ ಆಗದ ಅನ್ಯಾಯಕ್ಕೆ ಯಾರು ಕೋರ್ಟಿಗೆ ಹೋಗುತ್ತಾರೆ?

ಫೋನಿನೊಳಗೆ ಗೊತ್ತಾಗದಂತೆ ನುಗ್ಗುವ ಬೇಹುಗಾರಿಕೆ ಸಾಫ್ಟ್‌ವೇರ್ ಪೆಗಾಸಸ್ ವಿಷಯದಲ್ಲಿ ಇದೇ ಆಯಿತು. 2021ರಲ್ಲಿ ಸುಪ್ರೀಂ ಕೋರ್ಟ್ ತಾಂತ್ರಿಕ ಸಮಿತಿ ನೇಮಿಸಿ, ಹಿಂದೆ ನಮ್ಮ ಹೈಕೋರ್ಟಿನಲ್ಲೂ ಇದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರಿಗೆ ಉಸ್ತುವಾರಿ ಕೊಟ್ಟಿತು. ಪರೀಕ್ಷಿಸಿದ 29 ಫೋನುಗಳಲ್ಲಿ 5ರಲ್ಲಿ ಕುತಂತ್ರಾಂಶ ಸಿಕ್ಕಿತು. ಅದು ಪೆಗಾಸಸ್ಸೇ ಅಂತ ಖಚಿತವಾಗಲಿಲ್ಲ. ಸರ್ಕಾರ ಸಹಕರಿಸಲಿಲ್ಲ ಅಂತ ಸಮಿತಿ ಹೇಳಿದ್ದನ್ನು ಮುಖ್ಯ ನ್ಯಾಯಮೂರ್ತಿಗಳೇ ಕೋರ್ಟಿನಲ್ಲಿ ಓದಿದರು.

ಪಿಂಕ್ ಟಿಕೆಟ್ ಕಲಿಸಿದ್ದು

"ನಮ್ಮಂಥವರದ್ದು ಮುಚ್ಚಿಡೋಕೆ ಏನಿದೆ ಬಿಡಿ" ಅಂತ ನನ್ನ ಹತ್ತಿರ ಹೇಳುವವರು ಬಹಳ ಜನ. ಹೆಚ್ಚಾಗಿ ಅವರನ್ನು ಯಾರೂ ಏನೂ ಕೇಳಿರುವುದಿಲ್ಲ. ಪ್ರಶ್ನೆ ಎದುರಿಸುವವರು ಬೇರೆ. ಪೌರಕಾರ್ಮಿಕರು ಹಾಜರಾತಿಗೆ ಬೆರಳು ಒತ್ತಬೇಕು. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗೆ ಹೆಬ್ಬೆಟ್ಟು ಹೊಂದಬೇಕು. ಪಾತ್ರೆ ತಿಕ್ಕಿ ಗೆರೆ ಸವೆದ ಬೆರಳನ್ನು ಯಂತ್ರ ಒಪ್ಪದಿದ್ದರೆ, ಸರ್ವರ್ ಇಲ್ಲ ಅಂದರೆ ನಾಳೆ ಬರಬೇಕು. ನಮ್ಮ ಲಿಫ್ಟಿನಲ್ಲಿ ಫೋಟೋ ಇಲ್ಲದೆ ಹತ್ತುವವಳು ನಾನು. ಫೋಟೋ ಕೊಟ್ಟು ಹತ್ತುವವರು ಅಕ್ಕ.

ಹಾಗಂತ ಕೇಳಿದ್ದೆಲ್ಲ ತಪ್ಪಲ್ಲ. ಬಿಎಂಟಿಸಿ ಬಸ್ಸಿನಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ ಉಚಿತ. ಹತ್ತಿದಾಗ ಕಂಡಕ್ಟರ್ ಆಧಾರ್ ಕೇಳುತ್ತಾರೆ. ಕರ್ನಾಟಕದ ವಿಳಾಸ ಇದೆಯಾ ಅಂತ ನೋಡುತ್ತಾರೆ. ಪಿಂಕ್ ಟಿಕೆಟ್ ಹರಿದು ಕೊಟ್ಟು ಮುಂದೆ ಹೋಗುತ್ತಾರೆ. ನನ್ನ ನಂಬರ್ ಬರೆದುಕೊಳ್ಳುವುದಿಲ್ಲ. ನಾನು ಎಲ್ಲಿ ಹತ್ತಿ ಎಲ್ಲಿ ಇಳಿದೆ ಅನ್ನುವುದು ನನ್ನ ಹೆಸರಿನ ಜೊತೆ ಎಲ್ಲೂ ಕೂಡಿಕೊಳ್ಳುವುದಿಲ್ಲ. ತವರಿಗೆ ಹೋದೆನೋ, ಲಾಯರ್ ಆಫೀಸಿಗೆ ಹೋದೆನೋ, ಆಸ್ಪತ್ರೆಗೆ ಹೋದೆನೋ, ಆ ಟಿಕೆಟಿಗೆ ಗೊತ್ತಿಲ್ಲ. ಗಂಡನಿಗೆ ಹೇಳದೆ ಸಲಹಾ ಕೇಂದ್ರಕ್ಕೆ ಹೋಗುವ ಹೆಣ್ಣುಮಗಳಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಯೋಚಿಸಿ. ನೋಡಿ ಬಿಡುವುದು ಅಂದರೆ ಇದೇ. ಯೋಜನೆ ಶುರುವಾದಾಗಿನಿಂದಲೂ ಸ್ಮಾರ್ಟ್ ಕಾರ್ಡ್ ಮಾತು ಇದೆ. ಲೆಕ್ಕ ಸರಿಯಾಗಿ ಸಿಗುತ್ತದೆ, ನಿಜ. ಆದರೆ ಪ್ರತಿ ಪ್ರಯಾಣವೂ ಹೆಸರಿನ ಜೊತೆ ಉಳಿಯುವ ಹಾಗೆ ಮಾಡಿದರೆ ಈ ಯೋಜನೆಯ ಅರ್ಧ ಬಿಡುಗಡೆ ಹೋಗುತ್ತದೆ. ಟಿಕೆಟ್ ಎಣಿಸಲಿ, ಹೆಂಗಸರನ್ನು ಹಿಂಬಾಲಿಸದಿರಲಿ.

2025ರ ಜಾತಿ ಸಮೀಕ್ಷೆಯನ್ನೂ ನಾನು ಬೆಂಬಲಿಸಿದವಳೇ. ಯಾರು ಎಲ್ಲಿ ಹಿಂದೆ ಉಳಿದಿದ್ದಾರೆ ಅಂತ ಎಣಿಸದೆ ನ್ಯಾಯ ಕೊಡಲು ಆಗುವುದಿಲ್ಲ. ಮೀಟರ್ ರೀಡರ್ ಬಂದು ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿದರು, ಆಮೇಲೆ ಮೇಷ್ಟ್ರು ಬಂದರು. ಪ್ರಶ್ನೆಗಳು 60. ಹೈಕೋರ್ಟ್ ಸಮೀಕ್ಷೆಗೆ ತಡೆ ಕೊಡಲಿಲ್ಲ. ಆದರೆ ಉತ್ತರ ಕೊಡುವುದು ಜನರ ಇಷ್ಟ, ಮಾಹಿತಿ ಗೋಪ್ಯವಾಗಿರಬೇಕು ಅಂತ ಸೆಪ್ಟೆಂಬರ್ 25ರಂದು ಸ್ಪಷ್ಟವಾಗಿ ಹೇಳಿತು. ನಾನು ಉತ್ತರ ಕೊಟ್ಟೆ. ಕೊಡುವಾಗ 2022ರ ನವೆಂಬರ್ ನೆನಪಿತ್ತು. ಆಗ ಮತದಾರರ ಜಾಗೃತಿಗೆ ಅಂತ ಪಾಲಿಕೆಯ ಅನುಮತಿ ಪಡೆದ ಖಾಸಗಿ ಸಂಸ್ಥೆಯೊಂದರ ಜನ ಬಿಎಲ್‌ಒಗಳ (ಮತದಾರರ ಪಟ್ಟಿ ನೋಡಿಕೊಳ್ಳುವ ಮತಗಟ್ಟೆ ಮಟ್ಟದ ಅಧಿಕಾರಿಗಳ) ಹಾಗೆ ಗುರುತಿನ ಚೀಟಿ ಹಾಕಿಕೊಂಡು ಬೆಂಗಳೂರಿನ ಮನೆಮನೆಯಿಂದ ವಿವರ ಸಂಗ್ರಹಿಸಿದ್ದು ಬಯಲಾಗಿತ್ತು. ಬಂಧನಗಳಾದವು, ಅಧಿಕಾರಿಗಳ ಅಮಾನತೂ ಆಯಿತು. ಜನ ಬಾಗಿಲು ತೆರೆಯುವುದು ಬಂದವರನ್ನು ನಂಬಿ. ಆ ನಂಬಿಕೆ ಒಮ್ಮೆ ಹಾಳಾದರೆ, ಮುಂದೆ ಒಳ್ಳೆಯ ಕೆಲಸಕ್ಕೆ ಬರುವ ಮೇಷ್ಟ್ರಿಗೂ ಬಾಗಿಲು ಮುಚ್ಚುತ್ತಾರೆ.

ನಮ್ಮ ಅಪಾರ್ಟ್‌ಮೆಂಟ್ ಸಭೆಯಲ್ಲಿ ನಾನು ಇದನ್ನೇ ಎತ್ತಿದೆ. ಆಧಾರ್ ನೋಡಿ ವಾಪಸ್ ಕೊಡಿ, ಹೆಸರು ಮತ್ತು ಫೋನ್ ನಂಬರ್ ಮಾತ್ರ ಬರೆದುಕೊಳ್ಳಿ, ಕೆಲಸ ಬಿಟ್ಟವರ ಫೋಟೋ ಅಳಿಸಿ ಅಂತ. ಕಳ್ಳತನ ಆದರೆ ನೀವು ಜವಾಬ್ದಾರಿ ತಗೊಳ್ತೀರಾ ಅಂತ ಒಬ್ಬರು ಕೇಳಿದರು. ಗಂಟೆಗಟ್ಟಲೆ ಮಾತಾಯಿತು. ಹಳೆಯ ಜೆರಾಕ್ಸ್‌ಗಳನ್ನು ಹರಿದುಹಾಕಲು ಒಪ್ಪಿದರು. ಆ್ಯಪ್ ಫೋಟೋ ಬಗ್ಗೆ ಇನ್ನೂ ಒಪ್ಪಿಲ್ಲ. ಮುಂದಿನ ಸಭೆಗೆ ಮನೆಗೆಲಸದವರನ್ನೂ ಕರೆಯಬೇಕು ಅಂತ ಕೇಳಿದ್ದೇನೆ.

ಯಾರ ಬಾಗಿಲು, ಯಾರ ಬೀಗ

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳೂ ಬಂದವು. ಕಂಪನಿಗಳು ಒಪ್ಪಿಗೆ ಕೇಳಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು ಅಂತ ಇದೆ. ಒಳ್ಳೆಯದು. ಆದರೆ 17ನೇ ಸೆಕ್ಷನ್ ಓದಿ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಇಂಥ ಕಾರಣಕ್ಕೆ ಕೇಂದ್ರ ಸರ್ಕಾರ ತನ್ನ ಯಾವ ಸಂಸ್ಥೆಯನ್ನಾದರೂ ಈ ಕಾಯ್ದೆಯಿಂದ ಹೊರಗಿಡಬಹುದು. ಅತಿ ಹೆಚ್ಚು ಇಟ್ಟುಕೊಳ್ಳುವವರಿಗೇ ಅಳಿಸುವ ಮಾತಿಲ್ಲ. ಇದೇ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯನ್ನೂ ಬದಲಿಸಿತು. ಮೊದಲು ಸಾರ್ವಜನಿಕ ಚಟುವಟಿಕೆಗೆ ಸಂಬಂಧ ಇಲ್ಲದ ಅಥವಾ ಖಾಸಗಿತನಕ್ಕೆ ವಿನಾಕಾರಣ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ಅಧಿಕಾರಿಗಳು ನಿರಾಕರಿಸಬಹುದಿತ್ತು. ಈಗ ವೈಯಕ್ತಿಕ ಅಂದರೆ ಸಾಕು. ಸಾರ್ವಜನಿಕ ಹಿತಾಸಕ್ತಿ ದೊಡ್ಡದಾದರೆ ಮಾಹಿತಿ ಕೊಡಬಹುದು ಎಂಬ ಇನ್ನೊಂದು ಸೆಕ್ಷನ್ ಉಳಿದಿದೆ, ಆದರೆ ಹೊರೆ ಕೇಳುವವರ ಮೇಲೆ ಬಿದ್ದಿದೆ. ನ್ಯಾಯಮೂರ್ತಿ ಪುಟ್ಟಸ್ವಾಮಿ ಗೆದ್ದುಕೊಟ್ಟ ಹಕ್ಕು ಜನರದ್ದು. ಅದನ್ನು ಟೆಂಡರ್ ಫೈಲಿಗೆ ಬೀಗ ಹಾಕಲು ಬಳಸಿದರೆ ನನಗೆ ಸಿಟ್ಟು ಬರುತ್ತದೆ.

ಕೇಳಿದರೆ ಏನೂ ಆಗುವುದಿಲ್ಲ ಅಂತ ಮಾತ್ರ ಅಂದುಕೊಳ್ಳಬೇಡಿ. ಮೇಲೆ ಹೇಳಿದ ಸಂಚಾರ್ ಸಾಥಿಯನ್ನೇ ನೋಡಿ. ನಾವಾಗಿ ಹೋಗಿ ನೋಡುವಾಗ ಉಪಯೋಗದ ಸೇವೆ. 2025ರ ಕೊನೆಯಲ್ಲಿ ಅದರ ಆ್ಯಪನ್ನು ಎಲ್ಲ ಹೊಸ ಫೋನುಗಳಲ್ಲೂ ಮೊದಲೇ ಹಾಕಿ ಕೊಡಬೇಕು ಅಂತ ಕೇಂದ್ರ ಕಂಪನಿಗಳಿಗೆ ಹೇಳಿತ್ತು. ದೇಶದ ತುಂಬ ಜನ ಯಾಕೆ ಅಂತ ಕೇಳಿದರು. ಕೆಲವೇ ದಿನಗಳಲ್ಲಿ ಆದೇಶ ವಾಪಸ್ ಹೋಯಿತು.

ಹಾಗಾಗಿ ನಮ್ಮ ವಾರ್ಡಿನಲ್ಲಿ ಓಟು ಕೇಳಲು ಬರುವವರಿಗೆ ನಾನು ಚರಂಡಿ, ನೀರಿನ ಜೊತೆ ಇದನ್ನೂ ಕೇಳಲಿದ್ದೇನೆ. ನಮ್ಮ ರಸ್ತೆಯ ಪ್ರತಿ ಕ್ಯಾಮೆರಾ ಕಂಬಕ್ಕೂ ಕನ್ನಡದಲ್ಲಿ ಒಂದು ಬೋರ್ಡ್ ಹಾಕಿಸಿ. ಇದು ಯಾವ ಇಲಾಖೆಯದು, ದೃಶ್ಯ ಎಷ್ಟು ದಿನ ಇಡುತ್ತಾರೆ, ಮುಖ ಗುರುತಿಸುತ್ತದೋ ಇಲ್ಲವೋ, ದೂರಿಗೆ ಯಾವ ನಂಬರ್ ಅಂತ ಅದರಲ್ಲಿರಲಿ. ಪೌರಕಾರ್ಮಿಕರು ಕೆಲಸ ಬಿಟ್ಟ ಮೇಲೆ ಅವರ ಬೆರಳಚ್ಚು ಏನಾಗುತ್ತದೆ ಅಂತ ಪಾಲಿಕೆಯಿಂದ ಲಿಖಿತ ಉತ್ತರ ತಂದು ವಾರ್ಡ್ ಸಮಿತಿ ಸಭೆಯಲ್ಲಿ ಓದಿ. ನೀವೂ ನಿಮ್ಮ ವಾರ್ಡಿನಲ್ಲಿ ಕೇಳಿ.